ಏರಿ ಬುಡದಲ್ಲಿ ನೀರು ಒಸರುತ್ತಿದೆ, ಕಟ್ಟೆ ನಿಲ್ಲುತ್ತಾ?

ಓದುಗರ ಪ್ರಶ್ನೆ: ಸರ್, ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ ನಮ್ಮದು ಏಳು ಎಕರೆ ಜಮೀನಿದೆ. ನಮ್ಮ ತಂದೆ 36 ವರ್ಷದ ಹಿಂದೆ ಅಲ್ಲಿ ಒಂದು ಮಣ್ಣಿನ ಕಟ್ಟೆ ಕಟ್ಟಿಸಿದರು. ಏರಿ ಎತ್ತರ 14 ಅಡಿ, ಉದ್ದ ಸುಮಾರು 220 ಅಡಿ. ತುಂಬಿದಾಗ ಎರಡು ಎಕರೆಯಷ್ಟು ನೀರು ಹರಡುತ್ತದೆ. ಮೇಲಿನ ಸುಮಾರು 100 ಎಕರೆಯ ನೀರು ಇಲ್ಲಿಗೇ ಬರುತ್ತದೆ. ಅದರಲ್ಲಿ ಒಂದು ಭಾಗ ಈಗ ಲೇಔಟ್ ಆಗಿದೆ. ಕಳೆದ ಬೇಸಿಗೆಯಲ್ಲಿ ಜೆಸಿಬಿಯಿಂದ ಹೂಳು ತೆಗೆಸಿ, ಆ ಮಣ್ಣನ್ನು ಏರಿ ಮೇಲೆ ಎರಡು ಅಡಿ ಹಾಕಿಸಿದೆ. ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿಗೆ ಒಂದೂವರೆ ಅಡಿ ಮರಳು ಮೂಟೆ ಇಟ್ಟು, ಮೀನು ಹೋಗದಂತೆ ಜಾಲರಿ ಕಟ್ಟಿದ್ದೇವೆ. ಜುಲೈನಿಂದ ಏರಿಯ ಹಿಂದೆ, ಬುಡದಲ್ಲಿ ನೀರು ಒಸರುತ್ತಿದೆ. ಬಕೆಟ್ ಇಟ್ಟರೆ 40 ಸೆಕೆಂಡಿಗೆ ತುಂಬುತ್ತದೆ. ಆರು ವರ್ಷದ ಹಿಂದೆ ಏರಿ ಸೀಳಿ ಹಾಕಿದ ಪಿವಿಸಿ ಪೈಪ್ ಅಲ್ಲೇ ಹತ್ತಿರದಲ್ಲಿದೆ. ಏರಿ ಮೇಲೆ ಏಳೆಂಟು ಹೊಂಗೆ ಮರ, ಒಂದು ದೊಡ್ಡ ಹುತ್ತ ಇವೆ. ಕೆಳಗೆ 200 ಅಡಿ ದೂರದಲ್ಲಿ ನಮ್ಮ ತೋಟ ನೋಡಿಕೊಳ್ಳುವವರ ಮನೆ, ಆಮೇಲೆ ಊರಿನ ರಸ್ತೆ. ಪಕ್ಕದ ಜಮೀನಿನವರು ‘ಕೆರೆ ಅಂದಮೇಲೆ ಬಸಿಯುತ್ತೆ, ಬಿಡಿ’ ಅನ್ನುತ್ತಾರೆ. ಜೆಸಿಬಿಯವನು ಸಿಮೆಂಟ್ ಬಳಿಸಿ ಅನ್ನುತ್ತಾನೆ. ಒಬ್ಬ ಎಂಜಿನಿಯರ್ ಒಡೆದುಬಿಡಿ ಅಂದರು. ನಾನು ವಿಜಯನಗರದಲ್ಲಿದ್ದೇನೆ, ಭಾನುವಾರ ಮಾತ್ರ ಹೋಗಲು ಆಗುವುದು. ಕಟ್ಟೆ ಸುರಕ್ಷಿತವಾ? ಏನು ಮಾಡಲಿ? ಏನಾದರೂ ಆದರೆ ಹೊಣೆ ಯಾರದು?

ಉತ್ತರ: ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಚಿಂತೆಯೆಲ್ಲ ಒಸರುವ ನೀರಿನ ಮೇಲಿದೆ. ಅದು ಸರಿಯಾದ ಚಿಂತೆಯೇ. ಆದರೆ ನನ್ನ ಕಣ್ಣು ನಿಂತದ್ದು ಕೋಡಿಯ ಮರಳು ಮೂಟೆಗಳ ಮೇಲೆ. ಅವನ್ನು ತೆಗೆಯಲು ಇವತ್ತೇ ಶುರು ಮಾಡಿ. ಎಲ್ಲವನ್ನೂ ಒಂದೇ ಸಲ ಎಳೆದು ಹಾಕಬೇಡಿ. ದಿನಕ್ಕೆ ಒಂದು ಸಾಲು ಸಾಕು. ನೀರಿನ ಮಟ್ಟ ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿಯಬಾರದು. ಬೇಗ ಇಳಿಸಿದರೆ ಏರಿಯೊಳಗೆ ಸೇರಿರುವ ನೀರು ಅಲ್ಲೇ ಉಳಿಯುತ್ತದೆ, ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಹೋಗಿಬಿಡುತ್ತದೆ. ಆಗ ಏರಿಯ ನೀರಿನ ಕಡೆಯ ಇಳಿಜಾರು ಕುಸಿದು ಜಾರುತ್ತದೆ. ಜಾಲರಿಯನ್ನು ಮಾತ್ರ ಈಗಲೇ ಕಿತ್ತುಹಾಕಿ.

ಮೂಟೆಗೆ ಇಷ್ಟು ಮಹತ್ವ ಯಾಕೆ ಅಂತ ಹೇಳುತ್ತೇನೆ. ‘36 ವರ್ಷದಿಂದ ನಿಂತಿದೆ, ಇನ್ನೇನಾಗುತ್ತೆ’ ಎಂಬ ಮಾತನ್ನು ನಾನು ಬಹಳ ಜಮೀನುಗಳಲ್ಲಿ ಕೇಳಿದ್ದೇನೆ. ನಿಮ್ಮ ಏರಿ 36 ವರ್ಷ ನಿಂತದ್ದು ಹಳೆಯ ಕೋಡಿಯ ಮಟ್ಟಕ್ಕೆ. ಕೋಡಿ 10 ಅಡಿಗೆ ಇತ್ತು ಅಂದುಕೊಳ್ಳೋಣ. ಆ 10 ಅಡಿಯ ಮಣ್ಣು ವರ್ಷಾ ವರ್ಷ ನೆನೆದು, ಹೂಳು ಮೆತ್ತಿಕೊಂಡು, ಗಟ್ಟಿಯಾಗಿದೆ. ಅದಕ್ಕಿಂತ ಮೇಲಿನ ಮಣ್ಣು ನೀರನ್ನು ಹೆಚ್ಚಾಗಿ ಕಂಡೇ ಇಲ್ಲ. ಒಣಗಿ ಬಿರುಕು ಬಿಟ್ಟಿದೆ. ಹೊಂಗೆಯ ಬೇರು, ಗೆದ್ದಲಿನ ದಾರಿ, ಹೆಗ್ಗಣದ ಬಿಲ, ಏಡಿಯ ತೂತು ಇರುವುದೆಲ್ಲ ಅಲ್ಲೇ. ಈ ವರ್ಷ ಅಲ್ಲಿಗೆ ಮೊದಲ ಸಲ ನೀರು ಮುಟ್ಟಿದೆ. ಯಾವ ಮಣ್ಣಿನ ಅಣೆಕಟ್ಟಿಗೂ ಮೊದಲ ಸಲ ತುಂಬುವ ಹೊತ್ತು ತುಂಬಾ ಅಪಾಯದ ಹೊತ್ತು. ಅಮೆರಿಕದ ಟೀಟನ್ ಅಣೆಕಟ್ಟು 300 ಅಡಿಗೂ ಎತ್ತರದ್ದು, ದೊಡ್ಡ ದೊಡ್ಡ ಎಂಜಿನಿಯರುಗಳು ಕಟ್ಟಿದ್ದು. 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗಲೇ ಒಡೆದುಹೋಯಿತು. ಬೆಳಿಗ್ಗೆ ಸೋರಿಕೆ ಕಂಡಿತು, ಮಧ್ಯಾಹ್ನದ ಹೊತ್ತಿಗೆ ಅಣೆಕಟ್ಟಿನ ಒಂದು ಭಾಗವೇ ಇರಲಿಲ್ಲ. ನೀವು ಗೊತ್ತಿಲ್ಲದೆ ಹಳೆಯ ಏರಿಯ ಮೇಲ್ಭಾಗಕ್ಕೆ ಇಂಥದ್ದೇ ಪರೀಕ್ಷೆ ಒಡ್ಡಿದ್ದೀರಿ.

ಈಗ ಒಸರಿನ ವಿಷಯ. ಪಕ್ಕದವರ ಮಾತು ಅರ್ಧ ನಿಜ. ಬಸಿಯದ ಮಣ್ಣಿನ ಏರಿ ಇಲ್ಲ. ಹಿಂದೆ ಕೆರೆ ಹಿಂಭಾಗದಲ್ಲೇ ಅಡಿಕೆ, ತೆಂಗು, ಭತ್ತ ಇಡುತ್ತಿದ್ದರಲ್ವಾ? ಆ ತೇವಕ್ಕೂ ಅದರಲ್ಲಿ ಪಾಲಿತ್ತು. ಆದರೆ ಬರುವ ನೀರು ತನ್ನ ಜೊತೆ ಮಣ್ಣನ್ನೂ ತರುತ್ತಿದೆಯಾ ಎಂಬುದನ್ನು ಅವರು ನೋಡಿಲ್ಲ. ಮಣ್ಣು ಬರುತ್ತಿದ್ದರೆ ಏರಿಯೊಳಗೆ ಸುರಂಗ ಆಗುತ್ತಿದೆ ಅಂತ ಅರ್ಥ. ಈ ಸುರಂಗ ಹೆಚ್ಚಾಗಿ ನೀರಿನ ಕಡೆಯಿಂದ ಶುರುವಾಗುವುದಿಲ್ಲ. ನೀರು ಹೊರಗೆ ಬೀಳುವ ಬಾಯಿಂದ ಶುರುವಾಗಿ ಹಿಂದಕ್ಕೆ, ನೀರು ನಿಂತಿರುವ ಕಡೆಗೆ ಕೊರೆಯುತ್ತಾ ಹೋಗುತ್ತದೆ. ಕೊರೆಯುತ್ತಿರುವಾಗ ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ಅದು ನೀರಿಗೆ ತಲುಪಿದ ಮೇಲೆ ಕೆಲವೇ ಗಂಟೆಗಳ ಮಾತು. ಜಗತ್ತಿನಲ್ಲಿ ಒಡೆದ ಮಣ್ಣಿನ ಅಣೆಕಟ್ಟುಗಳ ಲೆಕ್ಕ ತೆಗೆದರೆ, ಸುಮಾರು ಅರ್ಧದಷ್ಟು ನೀರು ಏರಿ ಹತ್ತಿ ಹರಿದು ಒಡೆದಿವೆ. ಉಳಿದವುಗಳಲ್ಲಿ ಬಹುಪಾಲು ಒಡೆದದ್ದು ಹೀಗೆ ಒಳಗೊಳಗೇ ಕೊರೆದು. ಮಣ್ಣು ಜಾರಿ ಬಿದ್ದು ಒಡೆದವು ತೀರಾ ಕಡಿಮೆ.

ಹಾಗಾಗಿ ಒಂದು ಗಾಜಿನ ಬಾಟಲಿ ತೆಗೆದುಕೊಂಡು ಹೋಗಿ. ಒಸರಿನ ಬಾಯಿಗೆ ಹಿಡಿದು, ಕೆಸರು ಕಲಕದೆ ತುಂಬಿಸಿ. ಒಂದು ರಾತ್ರಿ ಅಲ್ಲಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತಿದ್ದರೂ ಅಪಾಯ, ಮಾರನೇ ದಿನವೂ ನೀರು ಹಾಲು ಬೆರೆಸಿದಂತೆ ಮಂಕಾಗಿಯೇ ಇದ್ದರೂ ಅಪಾಯ. ಎರಡನೆಯದು ಜಾಸ್ತಿ ಕೆಟ್ಟದ್ದು. ನಮ್ಮ ಕಡೆ ಸುದ್ದೆ ಮಣ್ಣು ಅಂತಾರಲ್ಲ, ಅದು ನೀರು ಮುಟ್ಟಿದರೆ ತಾನಾಗಿ ಕರಗುತ್ತದೆ. ಏರಿಯ ಮಣ್ಣಿನ ಗೋಲಿಯಷ್ಟು ಹೆಂಟೆಯನ್ನು ಒಂದು ಲೋಟ ಮಳೆನೀರಿಗೆ ಬಿಟ್ಟು ಹತ್ತು ನಿಮಿಷ ನೋಡಿ. ಸುಮ್ನೆ ಕುಸಿದು ಗುಡ್ಡೆಯಾದರೆ ತೊಂದರೆ ಕಡಿಮೆ. ಅದರ ಸುತ್ತ ಹೊಗೆಯಂತೆ ಮಂಕು ಹರಡಿದರೆ ನನಗೆ ಮತ್ತೆ ಬರೆಯಿರಿ. ಅಂಥ ಮಣ್ಣಿನ ಏರಿಯನ್ನು ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ಮುಟ್ಟಬಾರದು.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಬಕೆಟ್ ತುಂಬಲು ಎಷ್ಟು ಸೆಕೆಂಡು, ಅವತ್ತು ಕಟ್ಟೆಯ ನೀರಿನ ಮಟ್ಟ ಎಷ್ಟು, ಎರಡನ್ನೂ ಬರೆಯಬೇಕು. ನೀರಿನೊಳಗೆ ಅಡಿ ಗುರುತು ಹಾಕಿದ ಒಂದು ಕಲ್ಲುಕಂಬ ನೆಟ್ಟರೆ ಮಟ್ಟ ಓದುವುದು ಸುಲಭ. ಭಾನುವಾರಕ್ಕೊಮ್ಮೆ ಸಾಲದು, ಅಲ್ಲಿ ಮನೆಯಲ್ಲಿರುವವರಿಗೆ ಕಲಿಸಿಕೊಡಿ. ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಮಳೆಗಾಲದಲ್ಲಿ ರಾತ್ರಿ ಲಾಟೀನು ಹಿಡಿದು ಏರಿಯ ಉದ್ದಕ್ಕೂ ನಡೆಯುತ್ತಿದ್ದ. ಆ ಕೆಲಸ ಹೋಯಿತು, ಏರಿಗಳು ಮಾತ್ರ ಉಳಿದವು. ಮೂಟೆ ತೆಗೆದು ಮಟ್ಟ ಇಳಿಯುತ್ತಾ ಹೋದಂತೆ ಒಸರೂ ಕಡಿಮೆಯಾಗಬೇಕು. ಯಾವ ಮಟ್ಟಕ್ಕೆ ಪೂರ್ತಿ ನಿಂತಿತೋ, ನೀರು ಒಳಗೆ ನುಗ್ಗುವ ಜಾಗ ಆ ಎತ್ತರದಲ್ಲೇ ಎಲ್ಲೋ ಇದೆ. ಮಟ್ಟ ಏರದೆ ಒಸರು ಮಾತ್ರ ಜಾಸ್ತಿಯಾದರೆ ಒಂದು ದಿನವೂ ಕಾಯಬಾರದು.

ನಿಮ್ಮ ಕಟ್ಟೆಯಲ್ಲಿ ನನಗೆ ಎತ್ತರಿಸಿದ ಮಟ್ಟದ ಜೊತೆ ಇನ್ನೂ ಎರಡು ಅನುಮಾನಗಳಿವೆ. ಒಂದು ಹೂಳು ತೆಗೆದದ್ದು. ಜನ ಹೂಳನ್ನು ಕಸ ಅಂದುಕೊಳ್ಳುತ್ತಾರೆ. ಆದರೆ ವರ್ಷಗಟ್ಟಲೆ ಕೂತ ನಯವಾದ ಗೋಡು ಮಣ್ಣು ಏರಿಯ ಒಳಬುಡಕ್ಕೆ ಹೊದಿಕೆಯಿದ್ದಂತೆ. ಜೆಸಿಬಿ ಬಕೆಟ್ ಆ ಹೊದಿಕೆ ಕೆರೆದು ಕೆಳಗಿನ ಗರಸು ಮಣ್ಣನ್ನು ತೆರೆದರೆ, ನೀರು ಏರಿಯ ಅಡಿಯಿಂದಲೇ ದಾರಿ ಮಾಡಿಕೊಳ್ಳುತ್ತದೆ. ಹೂಳೆತ್ತುವಾಗ ಏರಿ ಬುಡದಿಂದ 20 ಅಡಿಯಾದರೂ ಬಿಡಬೇಕು ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ. ಜೆಸಿಬಿ ಎಷ್ಟು ಹತ್ತಿರ ಬಂದಿತ್ತು ಎಂದು ನೆನಪಿಸಿಕೊಳ್ಳಿ.

ಇನ್ನೊಂದು ಪೈಪ್. ಏರಿ ಸೀಳಿ ಪೈಪ್ ಹಾಕಿ ಮಣ್ಣು ಮುಚ್ಚಿದಾಗ, ಪೈಪಿನ ಹೊಟ್ಟೆಯ ಕೆಳಗೆ ಮಣ್ಣು ಗಟ್ಟಿಯಾಗಿ ಕೂರುವುದೇ ಇಲ್ಲ. ಅಲ್ಲಿ ಕಾಲು ತೂರುವುದಿಲ್ಲ, ಯಂತ್ರವೂ ತೂರುವುದಿಲ್ಲ. ನೀರು ಪೈಪಿನ ಒಳಗೆ ಹರಿಯುವ ಬದಲು ಅದರ ಹೊರಮೈಗೆ ಅಂಟಿಕೊಂಡು ಬರುತ್ತದೆ. 2019ರ ನವೆಂಬರ್ 24ರಂದು ನಮ್ಮ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಏರಿಯಲ್ಲಿ ಅಗೆದ ಜಾಗದಿಂದಲೇ ಅದು ಒಡೆಯಿತು ಎಂದು ಆಗ ವರದಿಯಾಗಿತ್ತು. ಪೈಪಿನ ಸುತ್ತ ತೇವ ಕಂಡರೆ ಆ ಪೈಪನ್ನು ಮುಂದುವರಿಸುವುದು ಬೇಡ. ನೀರು ಬೇಕಾದರೆ ಸೈಫನ್ ಹಾಕಿ, ಅಂದರೆ ನೀರು ತುಂಬಿಸಿದ ಪೈಪನ್ನು ಏರಿಯ ಮೇಲಿಂದ ಹಾಯಿಸಿ ಆಚೆ ತಗ್ಗಿಗೆ ಬಿಡಿ. ಬೆಂಗಳೂರಿನ ಎತ್ತರದಲ್ಲೂ 15 ಅಡಿ ಎತ್ತಿ ಆಚೆ ಇಳಿಸುವುದು ಸೈಫನ್‌ಗೆ ಕಷ್ಟವಲ್ಲ. ಏರಿಗೆ ಒಂದು ಗುದ್ದಲಿ ಪೆಟ್ಟೂ ಬೀಳುವುದಿಲ್ಲ.

ಸಿಮೆಂಟ್ ಬಳಿಯುವ ಸಲಹೆ ಬೇಡವೇ ಬೇಡ. ನೀರಿನ ಕಡೆ ಬಳಿದರೆ, ಮಣ್ಣು ನೆನೆದು ಒಣಗಿ ಅಲ್ಲಾಡುವಾಗ ಗಾರೆ ಬಿರುಕು ಬಿಡುತ್ತದೆ. ಬಿರುಕಿನ ಹಿಂದೆ ಏನಾಗುತ್ತಿದೆ ಅಂತ ಆಮೇಲೆ ಕಾಣುವುದೂ ಇಲ್ಲ. ಹೊರಗಡೆ ಒಸರುವ ಬಾಯಿಯನ್ನೇ ಸಿಮೆಂಟಿನಿಂದಲೋ ಜೇಡಿಮಣ್ಣಿನಿಂದಲೋ ಮುಚ್ಚುವುದು ಇನ್ನೂ ಕೆಟ್ಟದ್ದು. ಒಳಗೆ ನೀರಿನ ಒತ್ತಡ ಏರಿ, ಇನ್ನೊಂದು ಮೆತ್ತನೆಯ ಜಾಗದಲ್ಲಿ, ಇನ್ನೂ ಮೇಲೆ ಬಾಯಿ ತೆರೆಯುತ್ತದೆ. ನೀರು ಬರಲಿ, ಮಣ್ಣು ಬರಬಾರದು. ಕಾಫಿ ಫಿಲ್ಟರ್ ಮಾಡುವ ಕೆಲಸವೇ ಇಲ್ಲೂ ಬೇಕು. ಒಸರುವ ಜಾಗ ಮತ್ತು ಸುತ್ತ ನಾಲ್ಕೈದು ಅಡಿ ಹುಲ್ಲು ಕೆರೆದು, ತೊಳೆದ ಮರಳನ್ನು ಒಂದು ಅಡಿ ಹರಡಿ. ಅದರ ಮೇಲೆ ಸಣ್ಣ ಜಲ್ಲಿ ಒಂದು ಪದರ, ಆಮೇಲೆ ದಪ್ಪ ಜಲ್ಲಿ, ಮೇಲೆ ಭಾರಕ್ಕೆ ಸೈಜುಗಲ್ಲು. ಎಂ-ಸ್ಯಾಂಡ್ ಆದರೆ ಪುಡಿ ಹೋಗುವಷ್ಟು ತೊಳೆಯಲೇಬೇಕು, ಇಲ್ಲದಿದ್ದರೆ ಫಿಲ್ಟರೇ ಕಟ್ಟಿಕೊಳ್ಳುತ್ತದೆ. ಎರಡು ಲೋಡ್ ಮರಳು, ಎರಡು ಲೋಡ್ ಜಲ್ಲಿ ಈಗಲೇ ತರಿಸಿ ಏರಿಯ ಹತ್ತಿರ ಇಡಿಸಿ. ಮಳೆಯ ರಾತ್ರಿ ಟ್ರ್ಯಾಕ್ಟರ್ ಸಿಗುವುದಿಲ್ಲ.

ಹೊಂಗೆ ಮರ ಏರಿಯನ್ನು ಹಿಡಿದಿಡುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಮಣ್ಣನ್ನು ಹಿಡಿಯುವುದು ಗರಿಕೆಯಂಥ ಹುಲ್ಲು. ಮರದ ಬೇರು ಸತ್ತು ಕೊಳೆತಾಗ, ಅದಿದ್ದ ಜಾಗ ಕೊಳವೆಯಾಗುತ್ತದೆ. ಗಾಳಿಗೆ ಬುಡಸಮೇತ ಬಿದ್ದರೆ ಏರಿಯ ಅರ್ಧ ಅಗಲವನ್ನೇ ಕಿತ್ತುಕೊಂಡು ಹೋಗುತ್ತದೆ. ಆದರೆ ಇದನ್ನು ಓದಿ ನಾಳೆಯೇ ಗರಗಸ ತರಿಸಬೇಡಿ. ಕಡಿದು ಬುಡ ಬಿಟ್ಟರೆ ಬೇರು ಕೊಳೆಯುವುದು ಆವಾಗಲೇ ಶುರು. ಸಣ್ಣ ಗಿಡಗಳನ್ನು ಈಗಲೇ ಬೇರುಸಮೇತ ಕೀಳಿಸಿ. ದೊಡ್ಡ ಮರಗಳನ್ನು ಬೇಸಿಗೆಯಲ್ಲಿ, ನೀರು ತಳಕ್ಕಿಳಿದಾಗ, ಬೇರನ್ನು ಅಗೆದು ತೆಗೆದು ಆ ಗುಂಡಿಯನ್ನು ಆರಾರು ಇಂಚು ಮಣ್ಣು ಹಾಕಿ ದಮ್ಮಸು ಮಾಡುತ್ತಾ ತುಂಬಿಸಬೇಕು. ಹುತ್ತದ ಬಗ್ಗೆ ನಿಮ್ಮ ಮನೆಯವರಿಗೆ ಭಕ್ತಿ ಇರಬಹುದು. ಅದನ್ನು ಒಡೆಯಿರಿ ಎಂದು ನಾನು ಒತ್ತಾಯಿಸುವುದಿಲ್ಲ. ಹುತ್ತ ಇರುವ ಕಡೆ ನೀರಿನ ಮಟ್ಟ ಅದರ ಹತ್ತಿರಕ್ಕೂ ಏರದಂತೆ ಇಟ್ಟರೆ ಈ ವರ್ಷಕ್ಕೆ ಸಾಕು. ದುರಸ್ತಿಗೆ ಕೈಹಾಕುವಾಗ ಪೂಜೆ ಮಾಡಿ ಬೇರೆ ಕಡೆ ಕಲ್ಲು ಪ್ರತಿಷ್ಠೆ ಮಾಡಿಕೊಂಡವರನ್ನು ನೋಡಿದ್ದೇನೆ.

ಮತ್ತೆ ಕೋಡಿಗೆ ಬರುತ್ತೇನೆ, ಯಾಕೆಂದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಇನ್ನೂ ಮುಂದಿದೆ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಬಿತ್ತು. ಅಷ್ಟು ಮಳೆ ನಿಮ್ಮ 100 ಎಕರೆಯ ಮೇಲೆ ಬಿದ್ದರೆ 5 ಕೋಟಿ ಲೀಟರಿಗೂ ಹೆಚ್ಚು. ಅರ್ಧ ಇಂಗಿದರೂ ಎರಡೂವರೆ ಕೋಟಿ ಲೀಟರ್ ನಿಮ್ಮ ಬಾಗಿಲಿಗೆ ಬರುತ್ತದೆ. ಕಟ್ಟೆ ಹಿಡಿಯುವುದು ನನ್ನ ಅಂದಾಜಿನಲ್ಲಿ ಒಂದು ಕೋಟಿ ಲೀಟರಿನ ಆಸುಪಾಸು. ಉಳಿದದ್ದೆಲ್ಲ ಕೋಡಿಯಲ್ಲೇ ಹೋಗಬೇಕು. ಗಂಟೆಗೆ 60 ಮಿ.ಮೀ. ಜೋರಿನಲ್ಲಿ ಸುರಿದರೆ, ಅರ್ಧ ಇಂಗಿದರೂ ಸೆಕೆಂಡಿಗೆ ಸುಮಾರು 3,400 ಲೀಟರ್ ಬರುತ್ತದೆ. ಕೋಡಿಯ ಅಗಲವನ್ನು ನೀವು ಬರೆದಿಲ್ಲ. ಇಂಥ ಕಟ್ಟೆಗಳಲ್ಲಿ ನಾನು ಸಾಮಾನ್ಯವಾಗಿ ನೋಡುವುದು ಆರು ಅಡಿ. ಒಂದೂವರೆ ಅಡಿ ಆಳಕ್ಕೆ ಹರಿದರೂ ಅದು ಸೆಕೆಂಡಿಗೆ ಸಾವಿರ ಲೀಟರ್ ದಾಟಿಸುವುದಿಲ್ಲ. ಅದೇ ಆಳದಲ್ಲಿ ಈ ನೀರೆಲ್ಲ ಹೋಗಬೇಕಾದರೆ 20ರಿಂದ 22 ಅಡಿ ಅಗಲ ಬೇಕು. ಲೇಔಟ್ ಬಂದಮೇಲೆ ಇಂಗುವುದು ಕಡಿಮೆ, ಓಡಿಬರುವುದು ಜಾಸ್ತಿ. ನಿಮ್ಮ ತಂದೆಯವರು ಕಟ್ಟಿಸಿದಾಗ ಸರಿಯಾಗಿದ್ದ ಕೋಡಿ ಈಗ ಚಿಕ್ಕದು. ಇನ್ನು ಜಾಲರಿ. ಅದಕ್ಕೆ ಒಂದು ಹೊರೆ ಲಾಂಟಾನ, ನಾಲ್ಕು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಕೋಡಿ ಪೂರ್ತಿ ಬಂದ್. ಮೀನಿನ ಜಾಲರಿಯಿಂದಲೇ ಒಂದು ಸಣ್ಣ ಕಟ್ಟೆ ಒಂದೇ ರಾತ್ರಿಯಲ್ಲಿ ಕೊಚ್ಚಿಹೋದದ್ದನ್ನು ನಾನು ಮಾರನೇ ಬೆಳಿಗ್ಗೆ ಹೋಗಿ ನೋಡಿದ್ದೇನೆ. ಏರಿಯ ಜಾಗದಲ್ಲಿ 30 ಅಡಿ ಬಾಯಿ ಬಿದ್ದಿತ್ತು. ಜಾಲರಿ ಮಾತ್ರ ಹಾಗೇ ನಿಂತಿತ್ತು, ತುಂಬಾ ಕಸ ಕಚ್ಚಿಕೊಂಡು.

ಏರಿ ಮೇಲೆ ಹಾಕಿಸಿದ ಎರಡು ಅಡಿ ಹೂಳನ್ನು ಎತ್ತರ ಅಂತ ಲೆಕ್ಕ ಹಿಡಿಯಬೇಡಿ. ದಮ್ಮಸು ಆಗದ ಮಣ್ಣದು. ನೀರು ಮುಟ್ಟಿದರೆ ಕರಗುತ್ತದೆ. ಬೇಸಿಗೆಯಲ್ಲಿ ತೆಗೆಸಿ ಹೊಲಕ್ಕೆ ಹಾಕಿಸಿ, ಬೆಳೆಗೆ ಒಳ್ಳೆಯದು.

ಮುಂದಿನ ದಾರಿ ಏನು? ಮೂಟೆ ತೆಗೆದು, ಹಳೆಯ ಕೋಡಿಗಿಂತಲೂ ಎರಡು ಅಡಿ ಕೆಳಕ್ಕೆ ನೀರಿಟ್ಟುಕೊಂಡು ಈ ಮಳೆಗಾಲ ಕಳೆಯುವುದು ಎಲ್ಲಕ್ಕಿಂತ ಅಗ್ಗ. ಅದಕ್ಕೆ ಏರಿಯನ್ನು ಕಡಿಯಬೇಡಿ. ಪಕ್ಕದ ಗಟ್ಟಿ ನೆಲದಲ್ಲಿ, ಕೋಡಿಯಿರುವ ಕಡೆಯೇ ಕಾಲುವೆ ಆಳ ಮಾಡಿಸಿ, ತಳಕ್ಕೆ ಕಲ್ಲು ಹಾಸಿ. ಇದರಲ್ಲಿ ನೀರು ನಷ್ಟ, ಮೀನೂ ನಷ್ಟ. ಒಸರಿನ ಕಾರಣ ಹಾಗೇ ಉಳಿಯುತ್ತದೆ. ಆದರೆ ಸಮಯ ಸಿಗುತ್ತದೆ.

ಬೇಸಿಗೆಯಲ್ಲಿ ಸರಿಯಾದ ದುರಸ್ತಿ ಮಾಡಿಸಬಹುದು. ಪೈಪ್ ತೆಗೆದು ಆ ಸೀಳನ್ನು ಓರೆಯಾಗಿ ಅಗಲ ಮಾಡಿ ತುಂಬಿಸುವುದು, ಒಳಬುಡಕ್ಕೆ ಜೇಡಿಮಣ್ಣಿನ ಹೊದಿಕೆ ಮರಳಿ ಹಾಸುವುದು, ಹಿಂಬದಿಗೆ ಮರಳಿನ ಪದರ ಮತ್ತು ಬಸಿಗಾಲುವೆ ಕೊಟ್ಟು ಅದರ ಮೇಲೆ ಮಣ್ಣಿನ ಒತ್ತುಕಟ್ಟೆ, ಕೋಡಿ ಅಗಲ. ಹಳೆಯ ಇಳಿಜಾರಿನ ಮೇಲೆ ಸುಮ್ನೆ ಮಣ್ಣು ಸುರಿದರೆ ಅದು ಪದರ ಪದರವಾಗಿ ಜಾರುತ್ತದೆ. ಮೊದಲು ಮೆಟ್ಟಿಲಿನಂತೆ ಕತ್ತರಿಸಿಕೊಳ್ಳಬೇಕು. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಜೆಸಿಬಿ ಓಡಾಡಿದ್ದು ದಮ್ಮಸು ಆಗುವುದಿಲ್ಲ, ರೋಲರ್ ಬೇಕು. ಇಲ್ಲಿರುವ ಅಪಾಯ ಅರ್ಧಂಬರ್ಧ ಕೆಲಸ. ಏಪ್ರಿಲ್‌ನಲ್ಲಿ ಏರಿ ತೆರೆದು ಮೇ ಮಳೆಗೆ ಹಾಗೇ ಬಿಟ್ಟವರಿದ್ದಾರೆ. ಜನವರಿಯಲ್ಲೇ ಶುರು ಮಾಡಿ. ಮಣ್ಣಿನ ಕೆಲಸ ಗೊತ್ತಿರುವ ಸಿವಿಲ್ ಎಂಜಿನಿಯರ್ ಒಬ್ಬರು ಸ್ಥಳದಲ್ಲಿ ನಿಂತು ಮಾಡಿಸಬೇಕು.

ಒಡೆದುಬಿಡಿ ಎಂದವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಕಾಯುವವರಿಲ್ಲದ ಕಟ್ಟೆಗಿಂತ ಇಲ್ಲದ ಕಟ್ಟೆ ವಾಸಿ. ನಿಮಗೆ ಭಾನುವಾರ ಮಾತ್ರ ಹೋಗಲಾಗುವುದು, ಮಕ್ಕಳಿಗೆ ಜಮೀನಿನ ಆಸಕ್ತಿ ಇಲ್ಲ ಎಂದಾದರೆ ಇದನ್ನು ಯೋಚಿಸಿ. ಕಟ್ಟೆ ಖಾಲಿಯಾದ ಮೇಲೆ, ಏರಿಯ ನಡುವೆ ಅಗಲವಾಗಿ, ಇಳಿಜಾರು ಕೊಟ್ಟು ಬಾಯಿ ತೆರೆಯಬೇಕು. ಸಣ್ಣ ಕಿಂಡಿ ಬಿಟ್ಟರೆ ಕಸ ಕಟ್ಟಿಕೊಂಡು ಮತ್ತೆ ಕಟ್ಟೆಯಾಗುತ್ತದೆ. ನೀರು ಬೇಕೇ ಬೇಕಾದರೆ ನೆಲಮಟ್ಟದಿಂದ ಕೆಳಕ್ಕೆ ತೋಡಿದ ಕೃಷಿ ಹೊಂಡ ಮಾಡಿಸಿ. ಏರಿಯೇ ಇಲ್ಲದಿದ್ದರೆ ಒಡೆಯುವ ಮಾತೂ ಇಲ್ಲ. ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಇಂಗುವ ನೀರು ಕಡಿಮೆಯಾಗುತ್ತದೆ, ಅದು ನಿಜವಾದ ನಷ್ಟ.

ಹೊಣೆಯ ಪ್ರಶ್ನೆಗೆ ನಾನು ಎಂಜಿನಿಯರ್ ಆಗಿ ಗೊತ್ತಿರುವಷ್ಟು ಹೇಳುತ್ತೇನೆ, ಉಳಿದದ್ದು ವಕೀಲರನ್ನು ಕೇಳಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ. ನಿಮ್ಮದು ನಾಲ್ಕೂಕಾಲು ಮೀಟರ್. ಆ ಕಾಯ್ದೆಯಡಿ ಯಾರೂ ಬಂದು ತಪಾಸಣೆ ಮಾಡುವುದಿಲ್ಲ. ಅದರರ್ಥ ಹೊಣೆ ಇಲ್ಲ ಅಂತಲ್ಲ, ನೋಡುವವರು ನೀವೊಬ್ಬರೇ ಅಂತ. ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕ ತನ್ನ ಜಾಗದಲ್ಲಿ ನೀರಿನ ಕಟ್ಟೆ ಕಟ್ಟಿಸಿದ. ಅಡಿಯಲ್ಲಿ ಹಳೆಯ ಗಣಿಯ ಬಾವಿಗಳಿದ್ದವು, ಅವನಿಗೆ ಗೊತ್ತಿರಲಿಲ್ಲ. ನೀರು ಅವುಗಳ ಮೂಲಕ ಪಕ್ಕದವರ ಗಣಿಗೆ ನುಗ್ಗಿತು. ಅವನ ತಪ್ಪಿಲ್ಲದಿದ್ದರೂ ನಷ್ಟ ಅವನೇ ಕೊಡಬೇಕು ಎಂದು 1868ರಲ್ಲಿ ಕೊನೆಯ ತೀರ್ಪು ಬಂತು. ಆ ತತ್ವ ನಮ್ಮ ನ್ಯಾಯಾಲಯಗಳಿಗೂ ಬಂದಿದೆ. 1874ರಲ್ಲಿ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲು ದಾರಿ ಹಾಳಾದ ಪ್ರಕರಣದಲ್ಲಿ ಮಾತ್ರ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ನಮ್ಮ ಮೊಕದ್ದಮೆಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ನ್ಯಾಯಪೀಠ, ಬೇರೆ ಹೇಳಿತು. ಜನರ ಬೇಸಾಯಕ್ಕೆಂದು ತಲೆತಲಾಂತರದಿಂದ ಕಾಪಾಡಿಕೊಂಡು ಬರಬೇಕಾದ ಕೆರೆಗಳವು, ಅಲಕ್ಷ್ಯ ಇಲ್ಲದಿದ್ದರೆ ಹೊಣೆ ಇಲ್ಲ ಎಂದಿತು. ನಿಮ್ಮದು ಊರ ಕೆರೆಯಲ್ಲ. ಒಸರು ಕಂಡಮೇಲೂ ಸುಮ್ಮನಿದ್ದರೆ ಅಲಕ್ಷ್ಯ ಇರಲಿಲ್ಲ ಎನ್ನಲೂ ಆಗುವುದಿಲ್ಲ. ಕಟ್ಟೆ ಇರುವ ಹಳ್ಳ ಗ್ರಾಮ ನಕ್ಷೆಯಲ್ಲಿ ಸರ್ಕಾರಿ ಹಳ್ಳ ಎಂದಿದೆಯಾ ಅಂತಲೂ ನೋಡಿ. ಇದ್ದರೆ ದುರಸ್ತಿಗೆ ಮುಂಚೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು.

ಕಾನೂನಿಗಿಂತ ನನ್ನನ್ನು ಕಾಡುತ್ತಿರುವುದು ಆ 200 ಅಡಿ. ಒಂದು ಕೋಟಿ ಲೀಟರ್ ಅಂದರೆ ಹತ್ತು ಸಾವಿರ ಟನ್, 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 1,600ಕ್ಕೂ ಹೆಚ್ಚು ಲೋಡು. ಏರಿ ಒಡೆದರೆ ಆ ಮನೆಗೆ ನೀರು ತಲುಪಲು ನಿಮಿಷವೂ ಬೇಡ. ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದಾಗ ಸತ್ತವರು ಹೆಚ್ಚಾಗಿ ಮನೆಯಲ್ಲಿದ್ದವರು. ಸೋರುತ್ತಿದೆ ಎಂದು ಊರವರು ಮೊದಲೇ ಹೇಳಿದ್ದರು. ನಿಮ್ಮ ತೋಟದವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ. ಒಸರಿನ ನೀರು ಕೆಂಪಾದರೆ, ಏರಿ ಮೇಲೆ ಉದ್ದಕ್ಕೆ ಬಿರುಕು ಕಂಡರೆ, ಬುಡದಲ್ಲಿ ಮರಳು ಕುದಿಯುವಂತೆ ಗುಳ್ಳೆ ಎದ್ದರೆ, ಕೋಡಿ ತುಂಬಿ ಏರಿ ಮೇಲಕ್ಕೆ ನೀರು ಬರುವಂತಿದ್ದರೆ, ಸಾಮಾನು ಕಟ್ಟಲು ನಿಲ್ಲದೆ ಪಕ್ಕದ ದಿಣ್ಣೆ ಹತ್ತಬೇಕು. ಅಲ್ಲಿಂದ 112ಕ್ಕೆ, ನಿಮಗೆ, ಪಂಚಾಯಿತಿಗೆ ಫೋನ್ ಮಾಡಬೇಕು. ರಸ್ತೆಯಲ್ಲಿ ಬರುವವರನ್ನು ತಡೆಯಬೇಕು. ಹಗಲಾಗಿದ್ದು ಒಸರು ಇನ್ನೂ ಸಣ್ಣದಾಗಿದ್ದರೆ ಮಾತ್ರ ಮರಳು ಜಲ್ಲಿ ಹಾಕುವ ಕೆಲಸ, ಅದೂ ಒಬ್ಬರು ಮೇಲೆ ನಿಂತು ಏರಿಯನ್ನೇ ನೋಡುತ್ತಿರಬೇಕು.

ಈ ಸೆಪ್ಟೆಂಬರ್, ಅಕ್ಟೋಬರಿನ ಮಟ್ಟಿಗಾದರೂ ಆ ಕುಟುಂಬ ಮಲಗಲು ದಿಣ್ಣೆಯ ಮೇಲೆ ಒಂದು ಶೆಡ್ ಹಾಕಿಸಿಕೊಡಿ. ಬಾಟಲಿಯ ನೀರು ಹೇಗಿತ್ತು, ಕೋಡಿ ಎಷ್ಟು ಅಗಲ, ಒಸರು ಯಾವ ಮಟ್ಟಕ್ಕೆ ನಿಂತಿತು, ಈ ಮೂರನ್ನು ಬರೆದು ಕಳಿಸಿ. ಬೇಸಿಗೆಯಲ್ಲಿ ಏನು ಮಾಡಬಹುದು ಎಂದು ಆಗ ಇನ್ನೂ ಸ್ಪಷ್ಟವಾಗಿ ಹೇಳಬಲ್ಲೆ.